ಬಿಸಿಯಾದಾಗ ನಿಲ್ಲುವ ಪದ್ಮಿನಿ

ಹಳೆ ಕಾರು ದಾರಿಯಲ್ಲಿ ನಿಂತರೆ ಮೊದಲ ಎರಡು ನಿಮಿಷದಲ್ಲೇ ಬಾನೆಟ್ ಎತ್ತಿ ನೋಡಬೇಕು. ಇಂಜಿನ್ ತಣ್ಣಗಾದ ಮೇಲೆ ಏನು ನೋಡಿದರೂ ಎಲ್ಲ ಸರಿಯಾಗಿಯೇ ಕಾಣಿಸುತ್ತದೆ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ತೊಂದರೆ ಬಗೆಹರಿದದ್ದು ಹೀಗೆ ನೋಡಿದ್ದರಿಂದಲೇ. ಇಂಥ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿ ಅಪ್ಪನದ್ದು. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಶಿವಮೊಗ್ಗ ಬಿಟ್ಟು ಗಾಜನೂರು, ಸಕ್ರೆಬೈಲು ದಾಟುವವರೆಗೂ ಚೆನ್ನಾಗಿ ಹೋಗುತ್ತಿತ್ತು. ಮಂಡಗದ್ದೆ ಹತ್ತಿರ ಬರುವಾಗ ಎರಡು ಸಲ ಜಗ್ಗಿದಂತಾಗಿ ಆಫ್. ಸೆಲ್ಫ್ ಜೋರಾಗೇ ತಿರುಗುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗಿ ತೀರ್ಥಹಳ್ಳಿ ಮುಟ್ಟಿಸುತ್ತಿತ್ತು. ವಾಪಸ್ ಬರುವಾಗ ಮತ್ತೆ ಅದೇ ಕಥೆ.

ಪದ್ಮಿನಿ ಓಡಿಸಿದವರಿಗೆಲ್ಲ ಒಂದು ಮದ್ದು ಗೊತ್ತಿರುತ್ತದೆ: ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಆ ಪಂಪು ಇಂಜಿನ್ನಿಗೇ ಕೂತಿರುತ್ತದೆ. ಜಾಸ್ತಿ ಬಿಸಿಯಾದರೆ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ, ಪಂಪಿಗೆ ಆವಿ ತಳ್ಳಲು ಬರುವುದಿಲ್ಲ, ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಒಣಗಿ ಗಾಡಿ ನಿಲ್ಲುತ್ತದೆ. ಇದೇ ವೇಪರ್ ಲಾಕ್. ಆಗುಂಬೆ ಘಾಟಿ ಹತ್ತಿಸುವ ದಿನಗಳಲ್ಲಿ ಅಪ್ಪನ ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು, ಹಳೆ ಪಂಚೆಯ ತುಂಡು ಯಾವಾಗಲೂ ಇರುತ್ತಿತ್ತು. ಹಾಗಾಗಿ ಗ್ಯಾರೇಜಿನಲ್ಲಿ ಕೇಳಿದರೂ, ದಾರಿಯಲ್ಲಿ ನಿಂತು ನೋಡಿದವರೂ ಹೇಳಿದ್ದು ಇದನ್ನೇ. ಬಟ್ಟೆ ಹಾಕಿದರೆ ಗಾಡಿ ಸ್ಟಾರ್ಟ್ ಕೂಡ ಆಗುತ್ತಿತ್ತು.

ಆದರೆ ಯೋಚನೆ ಮಾಡಿ. ಬಟ್ಟೆ ಹುಡುಕಿ, ನೆನೆಸಿ, ಸುತ್ತಿ, ಒಂದು ಸಲ ಆರಿದರೆ ಮತ್ತೆ ನೀರು ಹಾಕಿ ಕಾಯುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಬಟ್ಟೆ ಹಾಕದೆ ಸುಮ್ನೆ ಕೂತಿದ್ದರೂ ಸ್ಟಾರ್ಟ್ ಆಗುತ್ತಿತ್ತಲ್ವಾ? ಟ್ಯಾಂಕಿನ ತುಕ್ಕು ಪೈಪಿನ ಬಾಯಿಗೆ ಬಂದು ಕೂತಿದ್ದರೂ ಹೀಗೇ ಆಗುತ್ತದೆ. ಇಂಜಿನ್ ನಿಂತ ಮೇಲೆ ಎಳೆತ ಇಲ್ಲದೆ ಕಸ ಕೆಳಗೆ ಇಳಿಯುತ್ತದೆ, ಮತ್ತೆ ಪೆಟ್ರೋಲ್ ಬರುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದ್ದರೂ ಅಷ್ಟೇ. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್, ಅಥವಾ ಅದನ್ನು ಪ್ಲಗ್ಗುಗಳಿಗೆ ಹಂಚುವ ಡೆಲ್ಕೋದ (ಡಿಸ್ಟ್ರಿಬ್ಯೂಟರ್) ಕಂಡೆನ್ಸರ್ ಬಿಸಿಗೆ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವುದೂ ಉಂಟು. ಕಾದು ಕೂತರೆ ಎಲ್ಲವೂ ವಾಸಿಯಾಗುತ್ತದೆ. ಅದಕ್ಕೇ ಕಾದ ಮೇಲೆ ಸ್ಟಾರ್ಟ್ ಆಯಿತು ಅನ್ನುವುದು ಯಾವುದಕ್ಕೂ ಸಾಕ್ಷಿ ಅಲ್ಲ.

ಆಮೇಲೆ ನಾನು ಸೀಟಿನ ಕೆಳಗೆ ಒಂದು ಡಬ್ಬ ಇಟ್ಟೆ. ಅದರಲ್ಲಿ ಒಂದು ಹಳೆ ಸ್ಪಾರ್ಕ್ ಪ್ಲಗ್, ಎರಡೂ ತುದಿಗೆ ಕ್ಲಿಪ್ ಇರುವ ವೈರು, ಸ್ಕ್ರೂಡ್ರೈವರ್, ಚಿಕ್ಕ ಮಲ್ಟಿಮೀಟರ್. ಅಷ್ಟೇ.

ಮುಂದಿನ ಸಲ ನಿಂತದ್ದೂ ಮಂಡಗದ್ದೆ ಹತ್ತಿರವೇ, ತುಂಗೆಯ ಪಕ್ಕದ ರಸ್ತೆಯಲ್ಲಿ. ಗಾಡಿ ಬದಿಗೆ ಹಾಕಿದ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆದೆ. ಗಾಳಿ ತೂತು ಕಟ್ಟಿದ್ದರೆ ಬುಸ್ ಅಂತ ಒಳಗೆ ಗಾಳಿ ನುಗ್ಗುವ ಸದ್ದು ಬರಬೇಕು. ಬರಲಿಲ್ಲ. ಏರ್ ಕ್ಲೀನರ್ ಬಿಚ್ಚಿ ಕಾರ್ಬೊರೇಟರ್ ಬಾಯಿಗೆ ಟಾರ್ಚ್ ಬಿಟ್ಟು ಕೈಯಲ್ಲೇ ಆಕ್ಸಿಲರೇಟರ್ ತಿರುವಿದೆ. ಸಣ್ಣ ನಳಿಕೆಯಿಂದ ಪೆಟ್ರೋಲ್ ಚಿರ್ ಅಂತ ಹಾರಿತು. ಇನ್ನೊಮ್ಮೆ ತಿರುವಿದರೂ ಹಾರಿತು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಇದೆ ಅಂತ ಖಾತ್ರಿಯಾಯಿತು. ಹಾಗಾದರೆ ವೇಪರ್ ಲಾಕ್ ಅಲ್ಲ, ತುಕ್ಕೂ ಅಲ್ಲ.

ಏರ್ ಕ್ಲೀನರ್ ವಾಪಸ್ ಕೂರಿಸಿದೆ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹಾರಿಸಬಾರದು. ಡೆಲ್ಕೋ ಕ್ಯಾಪಿನ ನಡುವಿನ ವೈರು ಎಳೆದು ಹಳೆ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಕ್ಲಿಪ್ ವೈರಿನಿಂದ ಇಂಜಿನ್ನಿಗೆ ಅರ್ಥ್ ಮಾಡಿದೆ. ಹೆಂಡತಿ ಡ್ರೈವರ್ ಸೀಟಿನಲ್ಲಿದ್ದಳು.

"ಸೆಲ್ಫ್ ಹೊಡಿ."

"ಹೊಡಿತಿದ್ದೀನಿ ರೀ, ಏನಾದ್ರೂ ಬಂತಾ?"

ಏನೂ ಬರಲಿಲ್ಲ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಟಕಟಕ ಹಾರಬೇಕು. ಕಂಡೆನ್ಸರ್ ಸೊರಗಿದ್ದರೆ ಹಳದಿ ಬಣ್ಣದ ಬಡಕಲು ಕಿಡಿಯಾದರೂ ಬರಬಹುದು. ಇಲ್ಲಿ ಪೂರ್ತಿ ಕತ್ತಲೆ.

ಕಾಯಿಲ್ ಮುಟ್ಟಿದರೆ ಕೈ ಇಡಲು ಆಗುತ್ತಿರಲಿಲ್ಲ. ಕೀ ಆಫ್ ಮಾಡಿಸಿ, ಕಾಯಿಲ್ ತಲೆಯ ಎರಡೂ ಸಣ್ಣ ವೈರು ಬಿಚ್ಚಿ, ಅವು ಕೂತಿದ್ದ ಕಾಯಿಲ್‌ನ ಎರಡು ತುದಿಗೆ ಮೀಟರ್ ಇಟ್ಟೆ. ಓಮ್ಸ್‌ನಲ್ಲಿ (ತಂತಿಯ ತಡೆ ಅಳೆಯುವ ಲೆಕ್ಕ) ಮೀಟರ್ ಯಾವ ಅಂಕಿಯನ್ನೂ ತೋರಿಸಲಿಲ್ಲ, ಅಂದರೆ ಒಳಗೆ ತಂತಿ ಬಿಟ್ಟಿದೆ. ಮೀಟರ್ ಅಲ್ಲೇ ಸಿಕ್ಕಿಸಿ ನೋಡುತ್ತಾ ನಿಂತೆ. ಕಾಯಿಲ್ ಆರುತ್ತಾ ಬಂದ ಹಾಗೆ ಒಮ್ಮೆ 3 ಅಂತ ತೋರಿಸಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಹೋಯಿತು. ಆಮೇಲೆ 3.1 ಅಂತ ಗಟ್ಟಿಯಾಗಿ ನಿಂತಿತು. ವೈರು ಹಾಕಿ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್! ಅಷ್ಟು ದಿನದ ಗೊಂದಲ ಆ ಸಣ್ಣ ಪರದೆಯ ಮೇಲೆ ಕಣ್ಣೆದುರೇ ಬಗೆಹರಿಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೊಸ ಕಾಯಿಲ್ ತರುವಾಗ ಒಂದು ಎಚ್ಚರ. ಕೆಲವು ಕಾಯಿಲ್‌ಗಳು ಹೊರಗೆ ಬಲಾಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು) ಇರುವ ಗಾಡಿಗೆ ಮಾಡಿದವು, ಅವುಗಳ ಅಳತೆ ಸುಮಾರು 1.5 ಓಮ್. ರೆಸಿಸ್ಟರ್ ಇಲ್ಲದ ಗಾಡಿಗೆ ಅದನ್ನು ಹಾಕಿದರೆ ಕರೆಂಟ್ ದುಪ್ಪಟ್ಟು ಹರಿದು ಕಾಯಿಲ್ ಕಾಯುತ್ತದೆ, ಡೆಲ್ಕೋ ಒಳಗೆ ಕಾಯಿಲ್‌ನ ಕರೆಂಟನ್ನು ಹಿಡಿದು ಬಿಡುವ ಸ್ವಿಚ್ಚಾದ ಪಾಯಿಂಟೂ ಸುಡುತ್ತದೆ. ನಮ್ಮದಕ್ಕೆ ಬೇಕಾದದ್ದು 3 ಓಮ್‌ನದು. ಅಂಗಡಿ ಕೌಂಟರಿನಲ್ಲೇ ಮೀಟರ್ ಇಟ್ಟು ನೋಡಿ ತಂದೆ. ಜೊತೆಗೆ ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿಸಿ, ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಆಸುಪಾಸಿಗೆ ಇಡಿಸಿದೆ. ಇಂಜಿನ್ ಓಡದೆ ಇದ್ದಾಗ ಕೀ ಆನ್ ಬಿಟ್ಟು ಹಾಡು ಕೇಳುವ ಅಭ್ಯಾಸ ಇದ್ದರೆ ಬಿಡಿ. ಪಾಯಿಂಟ್ ಮುಚ್ಚಿಕೊಂಡ ಜಾಗದಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲ್ ಸುಮ್ಮನೆ ಬಿಸಿಯಾಗುತ್ತಲೇ ಇರುತ್ತದೆ.

ಮಳೆಗಾಲದಲ್ಲಿ ಬೇರೆ ತೊಂದರೆ ಶುರುವಾಯಿತು. ಬೆಳಿಗ್ಗೆ ಸೆಲ್ಫ್ ಸುಸ್ತಾಗಿ ತಿರುಗುತ್ತಿತ್ತು. ಬ್ಯಾಟರಿ ಹೋಗಿದೆ ಅಂದರು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇತ್ತು, ಸೆಲ್ಫ್ ಹೊಡೆಯುವಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಬ್ಯಾಟರಿಯದ್ದೇನೂ ತಪ್ಪಿಲ್ಲ. ಆಗ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿದೆ. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು, ನಮ್ಮದು ಒಂದೂವರೆ ದಾಟಿತ್ತು. ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲೇ ತಡೆ ಇದೆ. ಇಂಜಿನ್ನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ ಮಲೆನಾಡಿನ ಮಳೆಗೆ ಹಸಿರುಗಟ್ಟಿತ್ತು. ಪಟ್ಟಿ ಬದಲಿಸಿ, ಬೋಲ್ಟಿನ ಜಾಗ ಮರಳು ಕಾಗದದಿಂದ ಉಜ್ಜಿ, ಮೇಲೆ ಗ್ರೀಸ್ ಸವರಿದೆವು. ಬ್ಯಾಟರಿ ದುಡ್ಡು ಉಳಿಯಿತು.

ಈಗ ಉಳಿದಿರುವುದು ಪೆಟ್ರೋಲ್ ಪೈಪು. ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಹಳೆ ಕಾಲದ ರಬ್ಬರ್ ಅದಕ್ಕೆ ಮೆತ್ತಗಾಗುತ್ತದೆ, ಒಳಗೆ ಸಿಪ್ಪೆ ಏಳುತ್ತದೆ, ಪಂಪಿನೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಮಿಗೂ ಇದು ತಪ್ಪಿದ್ದಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಎರಡೂ ಕಡೆಯ ಪೈಪು ಬದಲಿಸಬೇಕು. ಎಥನಾಲ್ ತಡೆಯುವ ಪೈಪು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ತಂದಿಟ್ಟಿದ್ದೇನೆ. ಜೊತೆಗೆ ಒಳಗೆ ಕಾಣುವ ಪ್ಲಾಸ್ಟಿಕ್ ಫಿಲ್ಟರೂ ಒಂದು. ಅದನ್ನು ಪಂಪಿಗಿಂತ ಮೊದಲು ಕೂರಿಸಿದರೆ ಟ್ಯಾಂಕಿನಿಂದ ಏನು ಬರುತ್ತಿದೆ ಅಂತ ಬಾನೆಟ್ ಎತ್ತಿದಾಗಲೆಲ್ಲ ನೋಡಬಹುದು.