ಓಡೋರ ಹಾಡು, ನಡೆಯೋರ ಹಾಡು

ಮೊನ್ನೆ ದೊಡ್ಡಪ್ಪನನ್ನು ದಾವಣಗೆರೆಯ ವಿದ್ಯಾನಗರದ ಕಡೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದೆ. ಲಕ್ವ ಹೊಡೆದ ಮೇಲೆ ಎಡಗಾಲು ಎಳೆಯುತ್ತಾರೆ. ಫಿಸಿಯೋ ಹುಡುಗಿ ಹುರುಪಿನಿಂದ ಮೊಬೈಲಿನಲ್ಲಿ ಒಂದು ಸಿನಿಮಾ ಹಾಡು ಹಾಕಿದಳು. ಕಂಬಿ ಹಿಡಿದು ನಿಂತಿದ್ದ ದೊಡ್ಡಪ್ಪ ಕಾಲೇ ಎತ್ತಲಿಲ್ಲ.

"ಯಾಕಜ್ಜಾ, ಹಾಡು ಹಿಡಿಸ್ಲಿಲ್ವಾ?"

"ಹಾಡು ಚಲೋ ಐತಿ ಯವ್ವಾ. ಆದ್ರ ಇದು ಓಡೋರ ಹಾಡು. ನಾ ನಡೀಬೇಕು."

ಜೀವನವಿಡೀ ಡೊಳ್ಳು ಬಾರಿಸಿದ ಮನುಷ್ಯ. ಅವರಿಗೆ ತಾಳದ ವಿಷಯದಲ್ಲಿ ಯಾರೂ ಬುದ್ಧಿ ಹೇಳೋ ಹಾಗಿಲ್ಲ. ಹುಡುಗಿಯೂ ಜಾಣೆ, ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಹಾಡು ನಿಲ್ಲಿಸಿ, ಸುಮ್ನೆ ನಡೆಸಿ, ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತವೆ ಅಂತ ವಾಚ್ ನೋಡಿ ಎಣಿಸಿದಳು. ಆಮೇಲೆ ಅದೇ ಗತಿಗೆ ಕಂಬಿಯ ಮೇಲೆ ಪೆನ್ನಿನಿಂದ ಟಕ್, ಟಕ್. ಎಡಗಾಲು ತಡವರಿಸಿತು, ಆದರೆ ನೆಲ ಬಿಟ್ಟು ಮೇಲೆದ್ದಿತು. ಬೆರಳು ನೆಲ ಕೆರೆಯೋ ಆ ಸದ್ದು ಕಡಿಮೆಯಾಯಿತು.

ಇದಕ್ಕೊಂದು ಪದ್ಧತಿಯೇ ಇದೆಯಂತೆ, ರಿದಮಿಕ್ ಆಡಿಟರಿ ಸ್ಟಿಮ್ಯುಲೇಶನ್, ಅಂದರೆ ತಾಳ ಕೇಳಿಸಿ ನಡೆಸೋದು. 1990ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಸಂಶೋಧಕ ಮೈಕೆಲ್ ಥೌಟ್ ಮತ್ತವರ ತಂಡ ಲಕ್ವ, ಪಾರ್ಕಿನ್ಸನ್ (ನಡುಕದ ಕಾಯಿಲೆ) ಆದವರನ್ನು ತಾಳಕ್ಕೆ ನಡೆಸಿ ನೋಡಿದರು. ಮುಂದಿನ ಪೆಟ್ಟು ಯಾವಾಗ ಅಂತ ಕಿವಿಗೆ ಮೊದಲೇ ಗೊತ್ತಾಗುತ್ತದಲ್ವಾ, ಕಾಲು ಅಷ್ಟರೊಳಗೆ ತಯಾರಾಗುತ್ತದೆ. ಆದರೆ ರೋಗಿಯ ಈಗಿನ ನಡಿಗೆಗೇ ತಾಳ ಹೊಂದಿಸಿ ಶುರು ಮಾಡಬೇಕು, ಆಮೇಲೆ ಸ್ವಲ್ಪ ಸ್ವಲ್ಪ ವೇಗ ಹೆಚ್ಚಿಸಬೇಕು. ದೊಡ್ಡಪ್ಪ ಹೇಳಿದ್ದೂ ಅದೇ ತಾನೇ?

ವಾಟ್ಸಾಪಿನಲ್ಲಿ ಬಿಪಿಗೆ ಈ ರಾಗ, ಶುಗರಿಗೆ ಆ ರಾಗ ಅಂತ ಪಟ್ಟಿ ಕಳಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಲ್ಲ. ಕೇಳುವವರ ಮೈ ಹೇಗಿದೆ ಅಂತ ಅವರು ಯಾವತ್ತಾದರೂ ಕೇಳಿದ್ದಾರಾ? ನಮ್ಮ ಭಾವನೂ ಅದೇ ಜಾತಿ. ದೊಡ್ಡ ಸ್ಪೀಕರ್ ತಂದು, ಬೆಳಗಾದರೆ ಭಕ್ತಿಗೀತೆ ಹಚ್ಚಿ, "ಮನಸ್ಸು ಫ್ರೆಶ್ ಆಗುತ್ತೆ" ಅನ್ನುತ್ತಾರೆ. ಆಗಬಹುದು. ಹಾಡು ಕೇಳಿ ದೊಡ್ಡಪ್ಪ ನಗುವುದನ್ನು ನಾನೂ ನೋಡಿದ್ದೇನೆ, ಅದೇನು ಸಣ್ಣದಲ್ಲ. ಆದರೆ ಕಾಲಿನ ಲೆಕ್ಕ ಬೇರೆ. ಕಾಯಿಲೆಯವರಿಗೆ ಬೇಗ ಬೇಗ ವಾಸಿಯಾಗಿ ಅಂತ ನಾವೆಲ್ಲ ಅವಸರ ಮಾಡುತ್ತೇವೆ. ಅವರ ಗತಿಗೆ ಇಳಿದು ಜೊತೆಗೆ ಹೆಜ್ಜೆ ಹಾಕೋಕೆ ಮಾತ್ರ ಪುರುಸೊತ್ತಿಲ್ಲ.

ಈಗ ಮನೆಯಲ್ಲಿ ಮೊಮ್ಮಗ ಸ್ಟೀಲ್ ತಟ್ಟೆ ಬಡಿಯುತ್ತಾನೆ. ತಾಳ ತಪ್ಪಿದರೆ ದೊಡ್ಡಪ್ಪ ಅಲ್ಲೇ ನಿಂತು ಬೈಯುತ್ತಾರೆ. ಬರುವ ವಾರ ಗತಿ ಒಂಚೂರು ಜೋರು ಮಾಡೋಣ ಅಂತ ಫಿಸಿಯೋ ಹೇಳಿದ್ದಾಳೆ. ಇವರದು ಇವತ್ತೇ ಜೋರು ಮಾಡೋ ಅಂತ ಹುಡುಗನ ಜೊತೆ ಜಗಳ.