ಸಿಹಿಗುಂಬಳದ ಪಲ್ಯಕ್ಕೆ ನಾನು ಹಾಕಿದ ಎರಡು ಚೊಂಬು ನೀರು

ಅಡುಗೆ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಶಿರಸಿ ಹತ್ತಿರದ ಒಂದು ಮದುವೆಮನೆ, 150 ಜನರ ಊಟ. ಅಲ್ಲಿಯವರೆಗೆ ಹೆಚ್ಚುವುದು, ಕಾಯಿ ತುರಿಯುವುದು ಇಷ್ಟೇ ನನ್ನ ಪಾಲಿಗೆ ಬರುತ್ತಿತ್ತು. ಆವತ್ತು ಭಟ್ರು ಮೊದಲ ಸಲ ಒಂದು ಪದಾರ್ಥವನ್ನು ಪೂರ್ತಿ ನನಗೇ ಬಿಟ್ಟರು. ಸಿಹಿಗುಂಬಳದ ಪಲ್ಯ. ಎಲ್ಲಕ್ಕಿಂತ ಸಸಾರದ್ದು ಅಂತಲೇ ಕೊಟ್ಟಿದ್ದರು.

12 ಕಿಲೋ ಕಾಯಿ. ಮೆಟ್ಟುಗತ್ತಿಯ ಮೇಲೆ ಕೂತು ಸಿಪ್ಪೆಯೆಲ್ಲ ಹೆರೆದೆ, ಚಂದ ಕಾಣಲಿ ಅಂತ. ಹೋಳು ಸಣ್ಣಗೆ ಮಾಡಿದೆ. ನಾನು ಹತ್ತಿರದಿಂದ ನೋಡಿದ್ದು ಬೀನ್ಸ್ ಪಲ್ಯ. ಅದಕ್ಕೆ ನೀರು ಹಾಕಿ ಮುಚ್ಚಿಡುತ್ತಾರೆ. ಅದೇ ಲೆಕ್ಕದಲ್ಲಿ ಇದಕ್ಕೂ ಎರಡು ಚೊಂಬು ನೀರು ಸುರಿದೆ, ಉಪ್ಪು ಹಾಕಿದೆ, ಮುಚ್ಚಿ ಬಾಳೆ ಎಲೆ ತೊಳೆಯಲು ಹೋದೆ.

ಬಂದು ಮುಚ್ಚಳ ತೆಗೆದರೆ ಹೋಳೇ ಇಲ್ಲ. ಹಳದಿ ಗಂಜಿ. ಪಂಕ್ತಿ ಕೂರಲು ಮುಕ್ಕಾಲು ಗಂಟೆ ಇತ್ತು. ಕೈಕಾಲು ತಣ್ಣಗಾದವು.

ಭಟ್ರು ಬಯ್ಯಲಿಲ್ಲ. ಸಟ್ಟುಗದಲ್ಲಿ ಒಮ್ಮೆ ಎತ್ತಿ ನೋಡಿದರು. "ನೀರು ಹಾಕಿದ್ಯನಾ ತಮಾ? ಅದರ ಹೊಟ್ಟೇಲೇ ನೀರು ಇದ್ದು" ಎಂದರು. ಮೇಲೆ ನಿಂತ ನೀರನ್ನು ಬಸಿದು ಹುಳಿಯ ಪಾತ್ರೆಗೆ ಹಾಕಿಸಿದರು. ಉಳಿದದ್ದನ್ನು ಅಗಲದ ಹರಿವಾಣಗಳಲ್ಲಿ ಹರಡಿ ಬೀಸಣಿಗೆ ಹಾಕಲು ಹೇಳಿದರು. ಬಿಸಿ ಇರುವಾಗ ಮೊಸರು ಬಿದ್ದರೆ ಒಡೆಯುತ್ತದೆ ಅಲ್ವಾ, ಅದಕ್ಕೆ. ಅಷ್ಟರಲ್ಲಿ ಕಾಯಿತುರಿ, ಸಾಸಿವೆ, ಹಸಿಮೆಣಸು ಬೀಸಿ ತಂದರು. ಪಲ್ಯ ಆಗಬೇಕಿದ್ದದ್ದು ಮೊಸರು ಕಲಸಿ ಹಶಿಯಾಗಿ, ಅಂದರೆ ನಮ್ಮ ಕಡೆಯ ಮೊಸರುಬಜ್ಜಿಯಾಗಿ, ಎಲೆಗೆ ಬಿತ್ತು.

ಊಟವೆಲ್ಲ ಮುಗಿದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಸಿಹಿಗುಂಬಳದಲ್ಲಿ ಹತ್ತಿರ ಹತ್ತಿರ ಶೇಕಡಾ 90 ನೀರೇ. ಉಪ್ಪು ಬಿದ್ದ ಕೂಡಲೇ ಆ ನೀರು ಹೊರಗೆ ಬರಲು ಶುರುವಾಗುತ್ತದೆ. ಹೋಳು ಬೇಯಲು ಅಷ್ಟು ಸಾಕು. ಹೋಳನ್ನು ಹಿಡಿದಿಡುವುದು ಸಿಪ್ಪೆ. ಅದನ್ನೇ ನಾನು ತೆಗೆದು ಬಿಸಾಡಿದ್ದೆ. ಬೆಂದ ಸಿಪ್ಪೆ ಮೆತ್ತಗಾಗುತ್ತದೆ, ತಿನ್ನಲು ಏನೂ ತೊಂದರೆ ಇಲ್ಲ. ತೀರಾ ದಪ್ಪ, ಗಟ್ಟಿ ಇದ್ದರೆ ಅಲ್ಲಲ್ಲಿ ಮಾತ್ರ ಹೆರೆದರೆ ಆಯಿತು.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಮನೆಯಲ್ಲಿ ಅರ್ಧ ಕಿಲೋ ಪಲ್ಯ ಒಲೆಯಿಂದ ಇಳಿಸಿದರೆ ಬೇಯುವುದು ನಿಲ್ಲುತ್ತದೆ. 12 ಕಿಲೋ ಹಾಗಲ್ಲ. ಬೆಂಕಿ ಆರಿಸಿದರೂ ರಾಶಿಯ ನಡುವಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ಮುಚ್ಚಿಟ್ಟರೆ ಕೇಳುವುದೇ ಬೇಡ. ಅದಕ್ಕೇ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿ ಹರಡಬೇಕು. ದೊಡ್ಡ ಅಡುಗೆ ಮಾಡುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಈಗ ಕಾರವಾರದಲ್ಲಿ ನನ್ನದೇ ಸಣ್ಣ ಖಾನಾವಳಿ ಇದೆ. ವಾರಕ್ಕೆ ಎರಡು ದಿನ ಈ ಪಲ್ಯ ಇದ್ದೇ ಇರುತ್ತದೆ. ಮನೆಯ ಅಳತೆ ಹೇಳುತ್ತೇನೆ. ಅರ್ಧ ಕಿಲೋ ಕಾಯಿ, ಹೆಬ್ಬೆರಳಿನಷ್ಟು ಅಗಲದ ಹೋಳು. ಎರಡು ಚಮಚ ತೆಂಗಿನೆಣ್ಣೆಗೆ ಸಾಸಿವೆ, ಉದ್ದಿನಬೇಳೆ, ಎರಡು ಒಣಮೆಣಸು, ಕರಿಬೇವು, ಚೂರು ಅರಿಶಿನ. ಹೋಳು ಹಾಕಿ ಎಣ್ಣೆ ಹತ್ತುವ ಹಾಗೆ ತಿರುವಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ನೀರು ಬೇಡ. ತಳ ಹಿಡಿಯುತ್ತದೆ ಅನಿಸಿದರೆ ಕೈಯಲ್ಲಿ ಚಿಮುಕಿಸಿದರೆ ಸಾಕು. ಏಳೆಂಟು ನಿಮಿಷಕ್ಕೆ ಒಂದು ಹೋಳು ಒತ್ತಿ ನೋಡಿ. ಸಟ್ಟುಗದಿಂದ ಜಾಸ್ತಿ ಕೆದಕಬೇಡಿ, ಬಾಣಲೆ ಹಿಡಿದು ಕುಲುಕಿಸಿ. ಕೊನೆಗೆ ಒಂದು ಹಿಡಿ ಕಾಯಿತುರಿ.

ಬೆಲ್ಲಕ್ಕೆ ಅಳತೆ ಹೇಳುವುದಿಲ್ಲ. ಹೆಚ್ಚುವಾಗಲೇ ಒಂದು ಹಸಿ ಚೂರು ಬಾಯಿಗೆ ಹಾಕಿಕೊಳ್ಳಿ. ಸಿಹಿ ಇದ್ದರೆ ಬೆಲ್ಲ ಬೇಡವೇ ಬೇಡ. ಸಪ್ಪೆ ಇದ್ದರೆ ಅಡಿಕೆ ಗಾತ್ರದಷ್ಟು. ಒಂದು ಕಾಯಿ ಇನ್ನೊಂದರ ಹಾಗೆ ಇರುವುದಿಲ್ಲ.

ಕಾಯಿ ತರುವುದು ಇಲ್ಲಿನ ಭಾನುವಾರದ ಸಂತೆಯಿಂದ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರು ತಾವೇ ಬೆಳೆದದ್ದನ್ನು ತಂದು ಕೂತಿದ್ದರೆ ಮೊದಲು ಅಲ್ಲಿಗೇ ಹೋಗುತ್ತೇನೆ. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಅಂಥದ್ದು ಬಲಿತ ಕಾಯಿ. ಇಡಿಯಾಗಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಕೊಯ್ದ ಮೇಲೆ ಬೀಜ, ನಡುವಿನ ನಾರು ತೆಗೆದು ಫ್ರಿಜ್‌ನಲ್ಲಿ ಇಟ್ಟರೂ ನಾಲ್ಕೈದು ದಿನ ಅಷ್ಟೇ. ಮೊನ್ನೆ ತಂದದ್ದರಲ್ಲಿ ಅರ್ಧ ಉಳಿದಿದೆ. ನಾಳೆ ಅದರ ಹಶಿ ಮಾಡುತ್ತೇನೆ, ಈ ಸಲ ಬೇಕು ಅಂತಲೇ.