ಡನಾಡ್ ಬಂಡೆಯ ಮೇಲೊಂದು ಹೆಜ್ಜೆ

ಧಾರವಾಡದ ಕೋರ್ಟಿನಲ್ಲಿ ನಾನು ಮೂವತ್ತು ವರ್ಷ ಸಿವಿಲ್ ದಾವೆಗಳನ್ನು ನಡೆಸಿದ್ದೇನೆ. ಅದರಲ್ಲಿ ಆಸ್ತಿ ಪಾಲಿನ ದಾವೆಗಳೇ ಜಾಸ್ತಿ. ಹಾಗಾಗಿ ವಂಶವೃಕ್ಷ ಕಂಡರೆ ಸಾಕು, ಕಣ್ಣು ತಾನಾಗಿ ಚುರುಕಾಗುತ್ತದೆ. ಕಾಗದದ ಮೇಲೆ ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು ಸಾಲಾಗಿ ಇರುತ್ತಾರೆ. ನಡುವೆ ಎಲ್ಲೋ ಒಬ್ಬನನ್ನು ಯಾರೋ ತುರುಕಿರುತ್ತಾರೆ. ಅವನನ್ನು ಹುಡುಕುವುದೇ ನಮ್ಮ ಕೆಲಸ.

ಎಡಿನ್‌ಬರೊದ ಹೋಲಿರೂಡ್ ಅರಮನೆಯಲ್ಲಿ ನಿಂತಾಗ ನನಗೆ ಇದೇ ನೆನಪಾಯಿತು. ಮಗಳು ಆ ಊರಲ್ಲಿ ಕೆಲಸಕ್ಕಿದ್ದಾಳೆ. ಮೇ ತಿಂಗಳ ರಜೆಯಲ್ಲಿ ಅವಳ ಹತ್ತಿರ ಹೋಗಿದ್ದೆ. ಅರಮನೆಯ ದೊಡ್ಡ ಗ್ಯಾಲರಿಯ ಗೋಡೆಯ ತುಂಬ ಸ್ಕಾಟ್ಲೆಂಡಿನ ರಾಜರ ಚಿತ್ರಗಳು. 1684ರಲ್ಲಿ ಯಾಕೋಬ್ ಡಿ ವೆಟ್ ಎಂಬ ಡಚ್ ಚಿತ್ರಕಾರ 110 ಚಿತ್ರ ಬರೆದುಕೊಡುತ್ತೇನೆ ಅಂತ ಕರಾರು ಮಾಡಿಕೊಂಡ. ಎರಡು ವರ್ಷದ ಗಡುವು, ವರ್ಷಕ್ಕೆ 120 ಪೌಂಡ್. ಸಾಲು ಶುರುವಾಗುವುದು ಮೊದಲನೆಯ ಫರ್ಗಸ್‌ನಿಂದ. ಅವನ ಕಾಲ ಕ್ರಿಸ್ತಪೂರ್ವ 330 ಎಂಬ ನಂಬಿಕೆ. ಅವನ ಹಿಂದೆ ಒಬ್ಬರ ಹಿಂದೊಬ್ಬರು ರಾಜರು. ಸುಮಾರು ಜನರ ಮೂಗು ಒಂದೇ ಥರ.

"ಅಮ್ಮಾ, ಇವರೆಲ್ಲ ನಿಜವಾಗ್ಲೂ ಇದ್ರಾ?" ಅಂತ ಮಗಳು ಕೇಳಿದಳು.

ಮೊದಲ ನಲವತ್ತು ಜನ ಇರಲೇ ಇಲ್ಲ. ದೇಶ ಎಷ್ಟು ಹಳೆಯದೋ ಅಷ್ಟು ದೊಡ್ಡದು ಅಂತ ತೋರಿಸಲು ಹಳೆಯ ಚರಿತ್ರೆಕಾರರು ಅವರನ್ನು ಸೇರಿಸಿದ್ದರು. 1729ರಲ್ಲಿ ಥಾಮಸ್ ಇನ್ನೆಸ್ ಎಂಬ ಪಾದ್ರಿ ಈ ಪಟ್ಟಿಯನ್ನು ಒಡೆದರು. ಆದರೆ ಸುಳ್ಳು ವಂಶವೃಕ್ಷ ಬಿದ್ದುಹೋದರೆ ದಾವೆ ಮುಗಿಯುವುದಿಲ್ಲ. ನಿಜವಾದ ಹಕ್ಕುದಾರರು ಯಾರು, ಅವರ ಜಮೀನು ಎಲ್ಲಿ, ಇದನ್ನು ಯಾರಾದರೂ ಕೂತು ಹುಡುಕಬೇಕು. ಆ ಕೆಲಸಕ್ಕೆ ಕೂತವರಲ್ಲಿ ಒಬ್ಬರು ಎಡಿನ್‌ಬರೊದ ವಕೀಲರು, ವಿಲಿಯಂ ಫೋರ್ಬ್ಸ್ ಸ್ಕೀನ್. ನಾನು ಅಷ್ಟು ದೂರ ಹೋಗಿದ್ದು ಮಗಳಿಗಾಗಿ. ಆದರೆ ಅವರ ಜಾಡು ಹಿಡಿದು ಓಡಾಡಬೇಕು ಅನ್ನುವ ಆಸೆಯೂ ಬಹಳ ದಿನದಿಂದ ಇತ್ತು.

ಸ್ಕೀನ್ ಹುಟ್ಟಿದ್ದು 1809ರಲ್ಲಿ, ಪಶ್ಚಿಮ ಕರಾವಳಿಯ ನಾಯ್ಡರ್ಟ್ ಸೀಮೆಯ ಇನ್ವೆರಿಯಲ್ಲಿ. ತಂದೆ ಜೇಮ್ಸ್ ಸ್ಕೀನ್, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅವರ ಆಪ್ತ ಗೆಳೆಯ. ಸ್ಕಾಟ್ ಕೂಡ ವಕೀಲರೇ. ಹುಡುಗನಿಗೆ ಹಳೆಯ ವಿಷಯಗಳ ಹುಚ್ಚು ಇದೆ ಅಂತ ಗೊತ್ತಾದಾಗ ಸ್ಕಾಟ್ ಒಂದು ಸಲಹೆ ಕೊಟ್ಟರು. ಅದರಂತೆ ಸ್ಕೀನ್ ಲ್ಯಾಗನ್ ಎಂಬ ಬೆಟ್ಟದೂರಿಗೆ ಹೋದರು. ಅಲ್ಲಿ ಮೆಕಿಂಟಾಷ್ ಮೆಕೈ ಎಂಬ ಪಾದ್ರಿಯ ಮನೆಯಲ್ಲಿ ಉಳಿದು ಬೆಟ್ಟದ ಜನರ ಭಾಷೆ ಗೇಲಿಕ್ ಕಲಿತರು. ಒಂದು ಜನರ ಚರಿತ್ರೆ ಬರೆಯಬೇಕಾದರೆ ಮೊದಲು ಅವರ ಮನೆಯಲ್ಲಿ ಕೂತು ಅವರ ಮಾತು ಕಲಿಯಬೇಕು. ಆಗ ಎಡಿನ್‌ಬರೊದ ಓದಿದ ಜನರಲ್ಲಿ ಗೇಲಿಕ್‌ಗೆ ಬೆಲೆ ಕೊಡುತ್ತಿದ್ದವರು ಕಡಿಮೆ. ಅದಕ್ಕೇ ಆ ವಯಸ್ಸಿನಲ್ಲಿ ಅವರು ಲ್ಯಾಗನ್‌ಗೆ ಹೋದದ್ದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

1832ರಲ್ಲಿ ಅವರು 'ರೈಟರ್ ಟು ದ ಸಿಗ್ನೆಟ್' ಆದರು. ಅಂದರೆ ಸ್ಕಾಟ್ಲೆಂಡಿನ ಒಂದು ಹಳೆಯ ವಕೀಲರ ಸಂಘದ ಸದಸ್ಯರು. ಕಾಗದಪತ್ರ ಸಿದ್ಧ ಮಾಡುವುದು, ಕಕ್ಷಿದಾರರ ವ್ಯವಹಾರ ನೋಡಿಕೊಳ್ಳುವುದು ಇವರ ಕೆಲಸ. ನ್ಯಾಯಾಲಯದಲ್ಲಿ ನಿಂತು ವಾದಿಸುವ ಅಡ್ವೊಕೇಟರೇ ಬೇರೆ. ಸೇಂಟ್ ಜೈಲ್ಸ್ ಚರ್ಚಿನ ಹಿಂದೆ ಪಾರ್ಲಿಮೆಂಟ್ ಹೌಸ್ ಇದೆ. ಈಗ ಅದು ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯ. ಅದರ ದೊಡ್ಡ ಹಾಲ್‌ನಲ್ಲಿ ವಕೀಲರು ಇಬ್ಬಿಬ್ಬರಾಗಿ ಮಾತಾಡುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ನಡೆಯುತ್ತ ಮಾತಾಡಿದರೆ ಪಕ್ಕದವರ ಕಿವಿಗೆ ಬೀಳುವುದಿಲ್ಲ ಅನ್ನುವುದು ಹಳೆಯ ರೂಢಿ. ಮೇಲೆ ಮರದ ತೊಲೆಗಳ ಚಾವಣಿ. ನಾನು ಒಂದು ಮೂಲೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ನಮ್ಮ ಕೋರ್ಟಿನ ಹುಣಸೆಮರದ ಕೆಳಗೆ ಕಕ್ಷಿದಾರರ ಜೊತೆ ನಿಂತು ಮಾತಾಡಿದ ಎಷ್ಟೋ ಬೆಳಗುಗಳು ನೆನಪಾದವು.

ಸ್ಕೀನ್ ಇದೇ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಗುಮಾಸ್ತೆಯ ಹುದ್ದೆಯನ್ನೂ ನಡೆಸಿದರು. ಚರಿತ್ರೆಯ ಕೆಲಸ ಏನಿದ್ದರೂ ಅದರ ಜೊತೆಗೇ. 28ನೇ ವಯಸ್ಸಿನಲ್ಲಿ ಬೆಟ್ಟದ ಜನರ ಬಗ್ಗೆ ಎರಡು ಸಂಪುಟದ ಪುಸ್ತಕ ತಂದರು. ಅಡ್ವೊಕೇಟರ ಗ್ರಂಥಾಲಯದಲ್ಲಿ ಕುಲಗಳ ವಂಶಾವಳಿ ಇರುವ ಒಂದು ಗೇಲಿಕ್ ಹಸ್ತಪ್ರತಿ ಅವರ ಕಣ್ಣಿಗೆ ಬಿತ್ತು. ಮೊದಲು ಅದನ್ನು 1450ರದು ಎಂದು ಕರೆದರು. ಆದರೆ ಅದು ಬರೆದದ್ದು 1467ರಲ್ಲಿ. ಮುಂದೆ ಮುಪ್ಪಿನಲ್ಲಿ ಬರೆದ ಪುಸ್ತಕದಲ್ಲಿ ಸರಿಯಾದ ವರ್ಷವನ್ನೇ ಕೊಟ್ಟರು. ತನ್ನದೇ ಹಳೆಯ ಕಾಗದವನ್ನು ತಾನೇ ತಿದ್ದುವುದು ವಕೀಲರಿಗೆ ಸುಲಭ ಅಲ್ಲ. ಅದು ನನಗೆ ಗೊತ್ತು.

ಆ ಗ್ರಂಥಾಲಯದ ಕಾನೂನಲ್ಲದ ಪುಸ್ತಕಗಳನ್ನೆಲ್ಲ 1925ರಲ್ಲಿ ವಕೀಲರು ದೇಶಕ್ಕೆ ದಾನ ಕೊಟ್ಟರು. ಅದೇ ಈಗಿನ ರಾಷ್ಟ್ರೀಯ ಗ್ರಂಥಾಲಯ. ಮಗಳು ನನಗೆ ಅಲ್ಲಿನ ಓದುಗರ ಚೀಟಿ ಮಾಡಿಸಿಕೊಟ್ಟಳು. ಎರಡು ದಿನ ಸ್ಕೀನ್ ಅವರ 'ಕೆಲ್ಟಿಕ್ ಸ್ಕಾಟ್ಲೆಂಡ್' ಮುಂದಿಟ್ಟುಕೊಂಡು ಕೂತೆ. ಮೂರು ಸಂಪುಟ, 1876ರಿಂದ 1880ರವರೆಗೆ ಬಂದವು. ಕೊನೆಯದು ಮುಗಿದಾಗ ಅವರಿಗೆ 71. ಆದರೆ ನನಗೆ ಹಿಡಿಸಿದ್ದು ಅದಕ್ಕಿಂತ ಮೊದಲಿನ ಹೆಜ್ಜೆ. 1867ರಲ್ಲಿ ಅವರು ಸ್ಕಾಟ್ಲೆಂಡಿನ ಹಳೆಯ ಜನಾಂಗಗಳಾದ ಪಿಕ್ಟರ ಮತ್ತು ಸ್ಕಾಟರ ವೃತ್ತಾಂತಗಳ ಮೂಲಪಾಠಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದರು. ಮೊದಲು ದಾಖಲೆ, ಒಂಬತ್ತು ವರ್ಷದ ಮೇಲೆ ವಾದ. ತಾನು ಯಾವ ಕಾಗದದ ಮೇಲೆ ನಿಂತಿದ್ದೇನೆ ಅಂತ ಎದುರಿನವರಿಗೆ ಮೊದಲೇ ಕೊಟ್ಟುಬಿಟ್ಟರು. ನಲವತ್ತು ರಾಜರ ಕಥೆಯನ್ನು ಪುಸ್ತಕದ ಪೀಠಿಕೆಯಲ್ಲೇ ಪಕ್ಕಕ್ಕಿಟ್ಟರು.

ಅದೇ ಗ್ರಂಥಾಲಯದ ಸೊತ್ತು, ಲಿಸ್ಮೋರಿನ ಡೀನ್ ಎಂಬ ಚರ್ಚಿನ ಅಧಿಕಾರಿ ಬರೆಸಿದ 16ನೇ ಶತಮಾನದ ಕವಿತೆಗಳ ಪುಸ್ತಕ. 1862ರಲ್ಲಿ ಅದರ ಆಯ್ದ ಭಾಗ ಅಚ್ಚಾದಾಗ ಪೀಠಿಕೆ ಬರೆದವರು ಸ್ಕೀನ್. ಅದರ ಗೇಲಿಕ್ ಕವಿತೆಗಳು ಗೇಲಿಕ್ ಕಾಗುಣಿತದಲ್ಲಿಲ್ಲ. ಸ್ಕಾಟ್ಸ್ ಭಾಷೆಯ ಕಾಗುಣಿತದಲ್ಲಿ, ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ. ನಾವು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಕನ್ನಡ ಬರೆಯುತ್ತೇವಲ್ಲ, ಹಾಗೆ. ಅದನ್ನು ಬಿಡಿಸಿ ಓದಲು ವಿದ್ವಾಂಸರು ಪಟ್ಟ ಪಾಡು ನನಗೆ ಚೆನ್ನಾಗಿ ಅರ್ಥವಾಯಿತು. ವೆಲ್ಷ್ ಕವಿತೆಗಳ ಮೇಲೆ ಸ್ಕೀನ್ 1868ರಲ್ಲಿ ತಂದ ಪುಸ್ತಕವನ್ನು ಮುಂದಿನವರು ಬಹಳ ತಿದ್ದಬೇಕಾಯಿತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1846ರಲ್ಲಿ ಬೆಟ್ಟದ ಸೀಮೆಯಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಜನ ಹಸಿವಿಗೆ ಬಿದ್ದರು. ಆಗ ಹುಟ್ಟಿದ ಪರಿಹಾರ ಮಂಡಳಿಗೆ ಸ್ಕೀನ್ ಕಾರ್ಯದರ್ಶಿ. ಸುಮ್ಮನೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅನ್ನುವುದು ಆ ಕಾಲದ ಸರಕಾರದ ಯೋಚನೆ. ಹಾಗಾಗಿ ಇಡೀ ದಿನ ರಸ್ತೆ ಕೆಲಸ ಮಾಡಿದವನಿಗೆ ಒಂದು ಪೌಂಡ್ ಹಿಟ್ಟು ಎಂಬ ನಿಯಮ ಬಂತು. ಅಂದರೆ ಅರ್ಧ ಕಿಲೋಗೂ ಕಡಿಮೆ. ಅವರ ಮನೆಗಳಲ್ಲಿ ಉಂಡು ಅವರ ಮಾತು ಕಲಿತ ಮನುಷ್ಯ ಆ ನಿಯಮದ ಕೆಳಗೆ ಕೆಲಸ ಮಾಡಿದರು. ಇದನ್ನು ಓದಿ ನನಗೆ ಸಂಕಟವಾಯಿತು. ಈಗಲೂ ಇದೆ. ಅವರ ಮೂರನೆಯ ಸಂಪುಟದ ಹೆಸರು 'ನೆಲ ಮತ್ತು ಜನ'. ಅದನ್ನು ಓದುವಾಗಲೆಲ್ಲ ಆ ಹಿಟ್ಟಿನ ಅಳತೆ ಕಣ್ಣ ಮುಂದೆ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಸ್ಕೀನ್ ಗುರುತಿಸಿದ ಹಳೆಯ ಕೋಟೆಗುಡ್ಡ ಡನಾಡ್‌ಗೆ ಹೊರಟೆವು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಗ್ಲಾಸ್ಗೊ ದಾಟಿದ ಮೇಲೆ ಲೋಮಂಡ್ ಸರೋವರ ಬಹಳ ಹೊತ್ತು ಬಲಗಡೆಗೇ ಇತ್ತು. ಆಮೇಲೆ 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್' ಎಂಬ ಘಾಟಿ. ಕುಳಿತು ದಣಿವಾರಿಸಿಕೋ, ಉಪಕಾರ ನೆನೆ ಅಂತ ಹೆಸರಿನ ಅರ್ಥ. 18ನೇ ಶತಮಾನದಲ್ಲಿ ಆ ದಾರಿ ಕಡಿದ ಸೈನಿಕರು ಕಲ್ಲಿನ ಮೇಲೆ ಕೆತ್ತಿದ ಮಾತಂತೆ. ನಾವೂ ಅಲ್ಲೇ ರೊಟ್ಟಿ ತಿಂದೆವು. ಇನ್ವೆರಾರಿ, ಲಾಕ್‌ಗಿಲ್ಪ್‌ಹೆಡ್ ದಾಟುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು.

ಡನಾಡ್ ಎತ್ತರದ ಗುಡ್ಡ ಅಲ್ಲ, 54 ಮೀಟರ್. ಆದರೆ ಸುತ್ತ ಎಲ್ಲ ಮಟ್ಟಸ. ಮೋನ್ಯ ವೋರ್ ಎಂಬ ದೊಡ್ಡ ಜೌಗು, ಕಂದು ಬಣ್ಣದ ಹುಲ್ಲು, ಅದರ ನಡುವೆ ಹಾವಿನ ಹಾಗೆ ಹರಿಯುವ ಆಡ್ ಹೊಳೆ. ಅದರೊಳಗಿಂದ ಈ ಬಂಡೆಗುಡ್ಡ ಒಮ್ಮೆಲೇ ಎದ್ದು ನಿಂತಿದೆ. ಐರ್ಲೆಂಡಿನ ಹಳೆಯ ವಾರ್ಷಿಕ ವೃತ್ತಾಂತಗಳಲ್ಲಿ 683ನೇ ಇಸವಿಗೆ 'ಡುನ್ ಅಟ್ ಮುತ್ತಿಗೆ' ಎಂಬ ಒಂದು ಚಿಕ್ಕ ಟಿಪ್ಪಣಿ ಇದೆ. 736ಕ್ಕೆ ಇನ್ನೊಂದು. ಪಿಕ್ಟರ ರಾಜ ಓಂಗಸ್ ಡಾಲ್ ರಿಯಾಟ ಸೀಮೆಯನ್ನು ಹಾಳುಗೆಡವಿ ಡುನ್ ಅಟ್ ಕೋಟೆ ಹಿಡಿದ ಅಂತ. ಡಾಲ್ ರಿಯಾಟ ಅಂದರೆ ಐರ್ಲೆಂಡಿನ ಕಡೆಯ ಗೇಲಿಕ್ ಮಾತಿನ ಜನ ಇಲ್ಲಿ ಆಳಿದ ರಾಜ್ಯ. ಆ ಡುನ್ ಅಟ್ ಇದೇ ಗುಡ್ಡ, ಆ ರಾಜ್ಯದ ಮುಖ್ಯ ಕೋಟೆ ಇದೇ ಎಂದು ಗುರುತಿಸಿದವರು ಸ್ಕೀನ್. ಎರಡು ಸಾಲಿನ ದಾಖಲೆ, ಒಂದು ಹೊಳೆಯ ಹೆಸರು, ಆ ನೆಲದ ಆಕಾರ. ಗಡಿ ತಂಟೆಯ ದಾವೆಗಳಲ್ಲಿ ನಾವು ಹಳೆಯ ಚಕ್ಕುಬಂದಿ ಹಿಡಿದುಕೊಂಡು ಹೊಲಕ್ಕೆ ಹೋಗಿ ಬದು ಹುಡುಕುವುದೂ ಹೀಗೇ.

ಅಗೆತ ಎಲ್ಲ ನಡೆದದ್ದು ಸ್ಕೀನ್ ತೀರಿಕೊಂಡ ಮೇಲೆ, 20ನೇ ಶತಮಾನದಲ್ಲಿ. 1980-81ರ ಅಗೆತದಲ್ಲಿ ಒಡವೆ ಎರಕ ಹೊಯ್ಯುವ ಅಚ್ಚುಗಳು ರಾಶಿಯಾಗಿ ಸಿಕ್ಕವು. ಈಗಿನ ಫ್ರಾನ್ಸಿನ ಕಡೆಯಿಂದ ಹಡಗಿನಲ್ಲಿ ಬಂದ ಮಡಕೆಗಳ ಚೂರುಗಳೂ ಇದ್ದವು. ಒಂದು ತುಣುಕು ಹರಿತಾಳವೂ ಸಿಕ್ಕಿತು. ಹಸ್ತಪ್ರತಿಗಳಿಗೆ ಹಳದಿ ಬಣ್ಣ ಹಚ್ಚಲು ಬಳಸುವ ಖನಿಜ ಅದು. ಇಷ್ಟು ದೂರದ ಜೌಗಿನ ನಡುವೆ ಹರಿತಾಳ! ಅಂದರೆ ಇಲ್ಲಿ ದೂರದ ವ್ಯಾಪಾರ ಇತ್ತು, ಒಡವೆ ಮಾಡಿಸಿ ಹಂಚುವ ದೊರೆ ಇದ್ದ.

ಹತ್ತುವಾಗ ಸಣ್ಣ ಮಳೆ. ಕಲ್ಲು ಜಾರುತ್ತಿತ್ತು. "ಅಮ್ಮಾ, ನಿಧಾನ. ನನ್ನ ಕೈ ಹಿಡ್ಕೋ," ಅನ್ನುತ್ತ ಮಗಳು ಮುಂದೆ ನಡೆದಳು. ತುದಿಗೆ ಸ್ವಲ್ಪ ಕೆಳಗೆ ಒಂದು ಚಪ್ಪಟೆ ಬಂಡೆ. ಅದರ ಮೇಲೆ ಗೀರಿದ ಒಂದು ಹಂದಿ, ಒಗಮ್ ಎಂಬ ಹಳೆಯ ಲಿಪಿಯ ಗೆರೆಗಳು, ಒಂದು ಹೆಜ್ಜೆ ಗುರುತು. ಪಕ್ಕದಲ್ಲಿ ಬೋಗುಣಿಯಂಥ ಗುಂಡಿ. ಹೊಸ ರಾಜ ಈ ಹೆಜ್ಜೆಯಲ್ಲಿ ಕಾಲಿಟ್ಟು ಪಟ್ಟಕ್ಕೇರುತ್ತಿದ್ದ ಎಂದು ಪಂಡಿತರು ತಿಳಿಯುತ್ತಾರೆ. ಈ ನೆಲಕ್ಕೆ ನಾನು ಬದ್ಧ ಎಂಬ ಗುರುತು ಅದು. ಮೂಲದ ಕಲ್ಲು ಸವೆಯಬಾರದು ಅಂತ ಮೇಲೆ ಅದರದೇ ಅಚ್ಚಿನ ಹೊದಿಕೆ ಹಾಕಿದ್ದಾರೆ.

ಹೋಲಿರೂಡಿನ ಗೋಡೆಯ ಮೇಲೆ ಕಿರೀಟ, ಕವಚ, ಕತ್ತಿ ಎಲ್ಲ ಇತ್ತು, ನಲವತ್ತು ಜನಕ್ಕೂ. ಇಲ್ಲಿ ಒಂದು ಪಾದದ ಅಳತೆ, ಅಷ್ಟೇ. ಮಳೆನೀರು ತುಂಬಿತ್ತು.

ಸ್ಕೀನ್ 1881ರಲ್ಲಿ ಸ್ಕಾಟ್ಲೆಂಡಿನ ರಾಜ ಚರಿತ್ರಕಾರರಾದರು. 1892ರಲ್ಲಿ ಎಡಿನ್‌ಬರೊದ ಇನ್ವರ್ಲೀತ್ ರೋ ಬೀದಿಯ ಮನೆಯಲ್ಲಿ ತೀರಿಕೊಂಡರು. ಬೊಟಾನಿಕಲ್ ತೋಟದ ಪಕ್ಕದ ಆ ಬೀದಿಯಲ್ಲಿ ಹಿಂದಿನ ವಾರವೇ ನಡೆದು ಬಂದಿದ್ದೆ. ಕಲ್ಲಿನ ಮನೆಗಳ ಸಾಲು, ಮುಂದೆ ಚಿಕ್ಕ ಕೈತೋಟಗಳು. ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಅಂತ ಈಗ ಗೊತ್ತಾಯಿತು.

ನಾನು ಶೂ, ಕಾಲುಚೀಲ ಬಿಚ್ಚಿದೆ. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಹಿಮ್ಮಡಿ ಸರಿಯಾಗಿ ಕೂತಿತು. ಬೆರಳುಗಳ ಮುಂದೆ ಎರಡು ಅಂಗುಲ ಜಾಗ ಉಳಿಯಿತು. ಮಗಳು ಫೋಟೊ ತೆಗೆಯಲು ಫೋನ್ ಎತ್ತಿದಳು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, ತಾನೂ ಬಗ್ಗಿ ಲೇಸ್ ಬಿಚ್ಚತೊಡಗಿದಳು.